ಗುಂಡಿಯ ಲೆಕ್ಕ, ಗಾಳಿಯ ಲಾಭ

ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಬಸ್ಸಿನ ಕಿಟಕಿಯಿಂದ ಹಣೆ, ಮೂಗು, ಎದೆಯನ್ನು ಗುರುತಿಸಿ ಹಾದಿಹೋಕರು ಸಂತೋಷಪಡುತ್ತಾರೆ. ಅದೇ ಬೆಟ್ಟವನ್ನು ಇನ್ನೊಂದು ಕಣ್ಣಿನಿಂದ ನೋಡುವವರಿದ್ದಾರೆ. ಅವರ ಪಾಲಿಗೆ ಅದು ‘ಬೋಳು ಗುಡ್ಡ’. ಬೋಳು ಎಂದು ಒಮ್ಮೆ ಬರೆದುಬಿಟ್ಟರೆ ಮುಂದಿನ ಕೆಲಸವೆಲ್ಲ ತಾನಾಗಿ ಸಾಗುತ್ತದೆ: ಗುಂಡಿ ತೋಡುವುದು, ಸಸಿ ಇಡುವುದು, ಫಲಕ ನಿಲ್ಲಿಸುವುದು. ಮೊದಲು ಈ ಕಡತಗಳಲ್ಲಿ ಸಸಿಗಳ ಸಂಖ್ಯೆ ಮತ್ತು ಹೆಕ್ಟೇರುಗಳ ಸಂಖ್ಯೆ ಇದ್ದರೆ ಸಾಕಿತ್ತು. ಈಗ ಮೂರನೆಯದೊಂದು ಅಂಕಿ ಬಂದು ಸೇರಿದೆ. ಅದು ಹೀರಲ್ಪಡುವ ಇಂಗಾಲದ ಟನ್ನುಗಳು.

ಯಾದಗಿರಿ, ಶಹಾಪುರ, ಸುರಪುರಗಳ ಗುಡ್ಡದಲ್ಲಿ ನೆಟ್ಟ ಸಸಿಯ ಲೆಕ್ಕ ಮಲೆನಾಡಿನವರಿಗೆ ಏಕೆ ಎಂದು ಕೇಳುವವರಿರಬಹುದು. ಉತ್ತರ ಸರಳ. ಅರಣ್ಯ ಸಂರಕ್ಷಣಾ ಕಾಯಿದೆಯಡಿ ಕಾಡನ್ನು ಬೇರೆ ಉದ್ದೇಶಕ್ಕೆ ಕೊಟ್ಟಾಗ ಬದಲಿ ಅರಣ್ಯ ಬೆಳೆಸಬೇಕು. ಅದಕ್ಕೆ ಅದೇ ಜಿಲ್ಲೆಯಲ್ಲಿ ನೆಲ ಸಿಗದಿದ್ದರೆ ರಾಜ್ಯದ ಬೇರೆಡೆ ಹುಡುಕಲು ಅವಕಾಶವಿದೆ. ಘಟ್ಟದ ನೆತ್ತಿಯಲ್ಲಿ ಕಡಿದದ್ದನ್ನು ಭೀಮಾ ದಂಡೆಯಲ್ಲಿ ಜಮಾ ಮಾಡಬಹುದು. ಈ ವಿನಿಮಯ ನ್ಯಾಯವೆನಿಸಬೇಕಾದರೆ ಎರಡೂ ಕಡೆಯನ್ನು ತೂಗುವ ತಕ್ಕಡಿ ಸರಿಯಾಗಿರಬೇಕು. ತಕ್ಕಡಿಯೇ ಸುಳ್ಳಾದರೆ ಮಲೆನಾಡು ಕಾಡನ್ನು ಕಳೆದುಕೊಳ್ಳುತ್ತದೆ, ಬಯಲುಸೀಮೆ ಹುಲ್ಲನ್ನು ಕಳೆದುಕೊಳ್ಳುತ್ತದೆ, ಗೆಲ್ಲುವುದು ಕಾಗದವೊಂದೇ.

ಹದಿನೈದು ಲಕ್ಷದ ಮರ

ಮರದ ಉಪಕಾರವನ್ನು ಅಂಕಿಯಲ್ಲಿ ಹೇಳುವ ಚಪಲ ಹೊಸದಲ್ಲ. 1979ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರೊ. ಟಿ.ಎಂ. ದಾಸ್ ಅವರು, 50 ಟನ್ ತೂಗುವ ಮರವೊಂದು 50 ವರ್ಷಗಳಲ್ಲಿ ಕೊಡುವ ಸೇವೆಯ ಬೆಲೆ 15.70 ಲಕ್ಷ ರೂಪಾಯಿ ಎಂದು ಲೆಕ್ಕ ಹಾಕಿದರು. ಗಾಳಿಯ ಮಾಲಿನ್ಯ ತಡೆಗೆ 5 ಲಕ್ಷ, ಆಮ್ಲಜನಕಕ್ಕೆ 2.5 ಲಕ್ಷ, ಹೀಗೆ ಒಂದೊಂದಕ್ಕೂ ಒಂದೊಂದು ಬೆಲೆ. ಅವರ ಉದ್ದೇಶ ಒಳ್ಳೆಯದೇ ಆಗಿತ್ತು. ಮರವೆಂದರೆ ಸೌದೆ ಮತ್ತು ದಿಮ್ಮಿ ಮಾತ್ರವಲ್ಲ ಎಂಬುದನ್ನು ದುಡ್ಡಿನ ಭಾಷೆಯೊಂದನ್ನೇ ಬಲ್ಲವರಿಗೆ ತಿಳಿಸಬೇಕಿತ್ತು. ಆದರೆ ಆ ಅಂಕಿಯ ಮೊದಲರ್ಧ ಮರೆತುಹೋಯಿತು. 50 ಟನ್ ತೂಕದ, 50 ವರ್ಷದ ಮರಕ್ಕೆ ಕಟ್ಟಿದ ಬೆಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿರುವ ಒಂದಡಿ ಸಸಿಗೆ ಅಂಟಿಸುವ ಭಾಷಣ ಪ್ರತಿ ವನಮಹೋತ್ಸವದಲ್ಲೂ ಕೇಳಿಬರುತ್ತದೆ.

ಇಂಗಾಲದ ವಿಷಯದಲ್ಲೂ ಆಗುತ್ತಿರುವುದು ಇದೇ. ‘ಒಂದು ಮರ ವರ್ಷಕ್ಕೆ 22 ಕಿಲೋ ಇಂಗಾಲದ ಡೈಆಕ್ಸೈಡ್ ಹೀರುತ್ತದೆ’ ಎಂಬ ವಾಕ್ಯ ಕರಪತ್ರದಿಂದ ಕರಪತ್ರಕ್ಕೆ ದಾಟುತ್ತಿದೆ. ಯಾವ ಮರ, ಯಾವ ಮಣ್ಣು, ಎಷ್ಟು ವಯಸ್ಸು ಎಂದು ಕೇಳುವವರಿಲ್ಲ. ಹೆಕ್ಟೇರಿಗೆ 1,100 ಸಸಿಯಂತೆ ಇದನ್ನು ಗುಣಿಸಿದರೆ ವರ್ಷಕ್ಕೆ 24 ಟನ್ ದಾಟುತ್ತದೆ.

ಯಾದಗಿರಿ ಸೀಮೆ ಈಶಾನ್ಯ ಒಣವಲಯಕ್ಕೆ ಸೇರಿದ್ದು. ವಲಯದ ವಾರ್ಷಿಕ ಮಳೆ ಸುಮಾರು 630ರಿಂದ 800 ಮಿ.ಮೀ.; ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಸಸಿ ನೆಡುವ ಜಾಗ ಸಾಮಾನ್ಯವಾಗಿ ಕಲ್ಲುಗುಡ್ಡದ ತೆಳುವಾದ ಮಸಾರಿ ಮಣ್ಣು. ಅಂಥಲ್ಲಿ ಎಲ್ಲ ಸಸಿಗಳೂ ಬದುಕಿ, ಹೆಕ್ಟೇರಿಗೆ ವರ್ಷಕ್ಕೆ 2 ಟನ್ ಒಣತೂಕದಷ್ಟು ಕಾಂಡ, ಕೊಂಬೆ ಬೆಳೆಯಿತೆಂದು ಹಿಡಿಯಬಹುದು. ಬೇರಿಗೆ ಇನ್ನೊಂದು ಕಾಲು ಭಾಗ ಸೇರಿಸಿದರೆ 2.5 ಟನ್. ಒಣತೂಕದಲ್ಲಿ ಇಂಗಾಲದ ಪಾಲು ಶೇ. 47, ಅಂದರೆ ಸುಮಾರು 1.2 ಟನ್. ಇಂಗಾಲವನ್ನು ಇಂಗಾಲದ ಡೈಆಕ್ಸೈಡಿಗೆ ಪರಿವರ್ತಿಸಲು 3.67ರಿಂದ ಗುಣಿಸಬೇಕು. ಬರುವ ಉತ್ತರ ಸುಮಾರು 4.3 ಟನ್. ಕರಪತ್ರದ 24 ಎಲ್ಲಿ, ಗುಡ್ಡದ 4.3 ಎಲ್ಲಿ! ಬೆಳವಣಿಗೆಯನ್ನು ಇಮ್ಮಡಿಯಾಗಿ ಹಿಡಿದರೂ ಕರಪತ್ರದ ಅರ್ಧ ಬರುವುದಿಲ್ಲ. ಇನ್ನು ಹತ್ತರಲ್ಲಿ ನಾಲ್ಕು ಸಸಿ ಮಾತ್ರ ಉಳಿದವೆನ್ನಿ, ಅದು 1.7 ಟನ್ನಿಗೆ ಇಳಿಯುತ್ತದೆ.

ಈ ಗುಣಾಕಾರವನ್ನು ಪ್ರೌಢಶಾಲೆಯ ಹುಡುಗನೂ ಮಾಡಬಲ್ಲ. ಯೋಜನಾ ವರದಿ ಬರೆಯುವವರು ಮಾಡುವುದಿಲ್ಲ.

ಮಣ್ಣಿನೊಳಗಿನ ಮೋಸ

ಮರದಲ್ಲಿ ಕಡಿಮೆ ಬಿದ್ದದ್ದನ್ನು ಮಣ್ಣಿನಲ್ಲಿ ತುಂಬಿಕೊಳ್ಳುವ ಜಾಣತನವೂ ಇದೆ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, ಕಾಡಿನ ಇಂಗಾಲವನ್ನು ಐದು ಕಣಜಗಳಲ್ಲಿ ಎಣಿಸಲು ಹೇಳುತ್ತದೆ: ನೆಲದ ಮೇಲಿನ ಮರ, ನೆಲದೊಳಗಿನ ಬೇರು, ಒಣಗಿ ನಿಂತ ಅಥವಾ ಬಿದ್ದ ಮರ, ತರಗೆಲೆ ಮತ್ತು ಮಣ್ಣು. ಮೊದಲ ನಾಲ್ಕನ್ನು ಕಣ್ಣಿಗೆ ಕಾಣುವಂತೆ ಅಳೆಯಬಹುದು ಅಥವಾ ಅಳತೆಯಿಂದ ಅಂದಾಜಿಸಬಹುದು. ಐದನೆಯದರಲ್ಲಿ ತಪ್ಪು ಸುಲಭ.

ಶಹಾಪುರ, ಸುರಪುರದ ಎರೆಭೂಮಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂದು ಹೆಕ್ಟೇರಿನಲ್ಲಿ 30 ಸೆಂ.ಮೀ. ಆಳದವರೆಗಿನ ಮಣ್ಣಿನ ತೂಕ ಸುಮಾರು 3,900 ಟನ್. ಅದರಲ್ಲಿ ಸಾವಯವ ಇಂಗಾಲ ಶೇ. 0.5 ಇದ್ದರೆ 19.5 ಟನ್. ಪ್ರಯೋಗಾಲಯದ ಅಳತೆಯಲ್ಲಿ ಶೇ. 0.5 ಎಂಬುದು 0.6 ಆಗಿ ಬಂದರೆ ಲೆಕ್ಕಕ್ಕೆ ಒಮ್ಮೆಲೇ 3.9 ಟನ್ ಇಂಗಾಲ, ಎಂದರೆ 14 ಟನ್ನಿಗೂ ಮೀರಿದ ಇಂಗಾಲದ ಡೈಆಕ್ಸೈಡ್ ಸೇರಿಬಿಡುತ್ತದೆ. ಗುಡ್ಡದ ಸಸಿಗಳು ಮೂರು ವರ್ಷ ಬೆವರಿಳಿಸಿ ಗಳಿಸಿದ್ದಕ್ಕಿಂತ ಹೆಚ್ಚಿನ ‘ಲಾಭ’ ಒಂದು ದಶಾಂಶದ ಏರುಪೇರಿನಲ್ಲಿ ಹುಟ್ಟುತ್ತದೆ. ಮಾದರಿಗಳನ್ನು ಎಲ್ಲಿಂದ, ಎಷ್ಟು ಸಂಖ್ಯೆಯಲ್ಲಿ, ಯಾವ ಋತುವಿನಲ್ಲಿ ತೆಗೆದರು ಎಂಬುದನ್ನು ಹೇಳದ ವರದಿಯಲ್ಲಿ ಆ ದಶಾಂಶಕ್ಕೆ ಯಾವ ಅರ್ಥವೂ ಇರುವುದಿಲ್ಲ.

ಎರೆಮಣ್ಣಿಗೆ ತನ್ನದೇ ಆದ ಇನ್ನೆರಡು ಗುಣಗಳಿವೆ. ಒಂದನೆಯದು, ಅದರಲ್ಲಿ ಸುಣ್ಣದ ಅಂಶ ಹೇರಳ. ಹೊಲ ಅಗೆದರೆ ಬಿಳಿಯ ಸುಣ್ಣದ ಹರಳುಗಳು ಕೈಗೆ ಸಿಗುತ್ತವೆ. ಆ ಸುಣ್ಣದಲ್ಲೂ ಇಂಗಾಲವಿದೆ, ಆದರೆ ಅದನ್ನು ನಿನ್ನೆ ಮೊನ್ನೆ ನೆಟ್ಟ ಸಸಿ ತಂದದ್ದಲ್ಲ. ಮಣ್ಣನ್ನು ಹೆಚ್ಚಿನ ಶಾಖದಲ್ಲಿ ಸುಟ್ಟು ಒಟ್ಟು ಇಂಗಾಲ ಅಳೆಯುವ ಯಂತ್ರ ಇವೆರಡನ್ನೂ ಬೇರ್ಪಡಿಸಿ ಹೇಳುವುದಿಲ್ಲ. ಸುಣ್ಣದ ಪಾಲನ್ನು ಪ್ರತ್ಯೇಕವಾಗಿ ಅಳೆದು ಕಳೆಯಬೇಕು. ಕಳೆಯದಿದ್ದರೆ ಸಾವಿರಾರು ವರ್ಷ ಹಳೆಯ ಸುಣ್ಣವೂ ಈ ವರ್ಷದ ವನಮಹೋತ್ಸವದ ಸಾಧನೆಯಾಗುತ್ತದೆ. ಎರಡನೆಯದು, ಈ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಉಬ್ಬಿದಾಗ ತೆಗೆದ 30 ಸೆಂ.ಮೀ. ಮಣ್ಣಿನ ತೂಕವೂ ಬಿರಿದಾಗ ತೆಗೆದ ಅಷ್ಟೇ ಆಳದ ಮಣ್ಣಿನ ತೂಕವೂ ಒಂದೇ ಅಲ್ಲ. ಆ ಬಿರುಕೇ ಎಳೆಯ ಸಸಿಯ ಬೇರನ್ನು ಹರಿದು ಒಣಗಿಸುತ್ತದೆ ಎಂಬುದನ್ನು ಅಲ್ಲಿನ ರೈತ ಬಲ್ಲ.

ಬೋಳು ಎಂದವರು ಯಾರು?

ಯಾವ ಲೆಕ್ಕಕ್ಕೂ ಆರಂಭದ ಶಿಲ್ಕು ಬೇಕು. ಸಸಿ ನೆಡುವ ಮುನ್ನ ಆ ನೆಲದಲ್ಲಿ ಏನಿತ್ತು? ಈ ಪ್ರಶ್ನೆಗೆ ‘ಏನೂ ಇರಲಿಲ್ಲ’ ಎಂಬ ಉತ್ತರ ಬರೆದಿಡುವುದು ವಾಡಿಕೆಯಾಗಿದೆ. ಹುಲ್ಲು, ಕುರುಚಲು, ಬಂಡೆಗಳ ನಡುವಿನ ಸೀತಾಫಲ, ಬಾರಿ, ಮುತ್ತುಗ ಇವೆಲ್ಲ ಸರ್ಕಾರದ ನಕ್ಷೆಗಳಲ್ಲಿ ‘ಪಾಳು’ ಎಂಬ ಒಂದೇ ಬಣ್ಣದಡಿ ಮುಚ್ಚಿಹೋಗುತ್ತವೆ. ಆದರೆ ಹುಲ್ಲುಗಾವಲು ತನ್ನ ಇಂಗಾಲದ ಹೆಚ್ಚಿನ ಪಾಲನ್ನು ಬೇರಿನಲ್ಲೂ ಮಣ್ಣಿನಲ್ಲೂ ಇಟ್ಟುಕೊಳ್ಳುತ್ತದೆ. ಬೆಂಕಿ ಬಿದ್ದರೂ, ದನಕುರಿ ಮೇಯ್ದರೂ ಅದು ಅಲ್ಲೇ ಉಳಿಯುತ್ತದೆ. ಜೆಸಿಬಿ ಯಂತ್ರದಿಂದ ಸಾಲು ಸಾಲಾಗಿ ಕಂದಕ ತೋಡಿ ಮಣ್ಣನ್ನು ಬಿಸಿಲಿಗೆ ಒಡ್ಡಿದಾಗ ಮೊದಲು ಗಾಳಿಗೆ ಹಾರುವುದು ಆ ಕೂಡಿಟ್ಟ ಇಂಗಾಲವೇ. ಈ ವೆಚ್ಚವನ್ನು ಎಷ್ಟು ವರದಿಗಳಲ್ಲಿ ಖರ್ಚಿನ ಬದಿಗೆ ಬರೆಯಲಾಗಿದೆ?

ಮಲೆನಾಡಿಗೆ ಇದು ಅರ್ಥವಾಗದ ಮಾತಲ್ಲ. ಕುದುರೆಮುಖದ ಶೋಲಾ ಕಾಡುಗಳ ನಡುವಿನ ಹುಲ್ಲು ಗುಡ್ಡಗಳನ್ನು ಬೋಳು ಎಂದು ಇಂದು ಯಾರಾದರೂ ಕರೆದರೆ ಇಲ್ಲಿನವರು ನಗುತ್ತಾರೆ. ಬೇಣದ ಹುಲ್ಲಿಲ್ಲದೆ ದನ ಕಟ್ಟುವುದು ಹೇಗೆಂದು ಕೇಳುತ್ತಾರೆ. ಸೊಪ್ಪಿನ ಬೆಟ್ಟಗಳ ನೆರೆಯಲ್ಲಿ ಅಕೇಶಿಯಾ ಹಬ್ಬಿದಾಗ ಆದ ನಷ್ಟವನ್ನು ಕಂಡವರಿದ್ದಾರೆ. ಆದರೆ ಅದೇ ವಿವೇಕವನ್ನು ಬಯಲುಸೀಮೆಗೆ ಅನ್ವಯಿಸಲು ಹಿಂಜರಿಕೆ. ಅಲ್ಲಿ ಮರವಿಲ್ಲದ್ದೆಲ್ಲ ನಾಶವಾದ ಕಾಡು ಎಂಬ ನಂಬಿಕೆ ಪರಿಸರವಾದಿಗಳಲ್ಲೂ ಬೇರೂರಿದೆ. ಕೃಷ್ಣಮೃಗ, ತೋಳ, ದೊರವಾಯನ ಹಕ್ಕಿ ಇವು ದಖ್ಖನಿನ ತೆರೆದ ಬಯಲಿನ ಜೀವಿಗಳು. ಸಾಲು ಮರಗಳ ನೆರಳಿನಲ್ಲಿ ಅವುಗಳಿಗೆ ಮನೆಯಿಲ್ಲ. ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳು ಹುಡುಕಿ ಬರುವುದು ತೆರೆದ ನೀರನ್ನೂ ಕೆಸರಂಚನ್ನೂ. ಆ ಕೆರೆಯ ಪರಿಸರ ಲಾಭವನ್ನು ಸಸಿಗಳ ಸಂಖ್ಯೆಯಲ್ಲಿ ಯಾರು ಬರೆಯಬಲ್ಲರು?

ಇನ್ನು ಜನ. ಗಾಯರಾಣ ಭೂಮಿಗೆ ತಂತಿ ಬೇಲಿ ಬಿದ್ದ ದಿನ ಕುರಿಗಾಹಿಯ ಮಂದೆ ಮಾಯವಾಗುವುದಿಲ್ಲ. ಪಕ್ಕದ ಗುಡ್ಡಕ್ಕೆ ಹೋಗುತ್ತದೆ. ಅಲ್ಲಿ ಇಮ್ಮಡಿ ಮೇಯುತ್ತದೆ, ಅಲ್ಲಿನ ಹುಲ್ಲು ಸವೆಯುತ್ತದೆ. ಇಂಗಾಲದ ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ‘ಸೋರಿಕೆ’ ಎಂಬ ಹೆಸರಿದೆ. ಬೇಲಿಯೊಳಗಿನ ಲಾಭದಿಂದ ಬೇಲಿಯಾಚೆಯ ನಷ್ಟವನ್ನು ಕಳೆಯಬೇಕೆಂದು ಆ ಶಾಸ್ತ್ರವೇ ಹೇಳುತ್ತದೆ. ಸಾಲ ಮಾಡಿ ಕಟ್ಟಿದ ಕುರಿಯನ್ನು ಮಾರಿ ಬೆಂಗಳೂರಿಗೆ ಗುಳೆ ಹೋದ ಕುಟುಂಬದ ನಷ್ಟವನ್ನು ಮಾತ್ರ ಯಾವ ಶಾಸ್ತ್ರವೂ ಟನ್ನಿನಲ್ಲಿ ಹೇಳಿಲ್ಲ.

ಹಸಿರಿನ ಹೆಸರಿನಲ್ಲಿ ಸಾಮೂಹಿಕ ಭೂಮಿಯನ್ನು ಕಿತ್ತುಕೊಂಡ ಪಾಠ ಕರ್ನಾಟಕಕ್ಕೆ ಹೊಸದಲ್ಲ. 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಕಟ್ಟಿ, ಸುಮಾರು 30 ಸಾವಿರ ಹೆಕ್ಟೇರ್ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟವು. ಅದೂ ‘ಪಾಳು ಭೂಮಿಯ ಅಭಿವೃದ್ಧಿ’ಯೇ ಆಗಿತ್ತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ಮುಂದಾಳ್ತನದಲ್ಲಿ ಹಳ್ಳಿಗರು ನೀಲಗಿರಿ ಸಸಿ ಕಿತ್ತು, ಅಲ್ಲಿ ಜನಕ್ಕೆ ಬೇಕಾದ ಸಸಿ ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂದು ಹೆಸರಾದ ಸತ್ಯಾಗ್ರಹ ಅದು. 1991ರಲ್ಲಿ ಕಂಪನಿ ಮುಚ್ಚಿತು. ಅಂದು ನೆಲ ಕೇಳಿದ್ದು ಕಾಗದದ ತಿರುಳಿಗಾಗಿ. ಇಂದು ಕೇಳುತ್ತಿರುವುದು ಇಂಗಾಲದ ಅಂಕಿಗಾಗಿ. ನೆಲ ಮಾತ್ರ ಅದೇ, ಕೇಳದೆ ಬಿಟ್ಟ ಜನರೂ ಅವರೇ.

ನಿಯಮವೇ ದಾರಿ ತಪ್ಪಿದಾಗ

2019ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರ ತಂಡವೊಂದು, ಜಗತ್ತಿನಲ್ಲಿ ಮರ ಬೆಳೆಯಬಹುದಾದ ಜಾಗದಲ್ಲೆಲ್ಲ ಮರ ಬೆಳೆದರೆ 205 ಶತಕೋಟಿ ಟನ್ ಇಂಗಾಲ ಹಿಡಿದಿಡಬಹುದೆಂದು ಪ್ರಕಟಿಸಿತು. ಸುದ್ದಿ ಜಗತ್ತನ್ನು ಸುತ್ತಿತು. ಹುಲ್ಲುಗಾವಲುಗಳನ್ನು ಕಾಡಿನ ಜಾಗವೆಂದು ಎಣಿಸಲಾಗಿದೆ, ಅಲ್ಲಿನ ಮಣ್ಣಿನಲ್ಲಿ ಈಗಾಗಲೇ ಇರುವ ಇಂಗಾಲವನ್ನು ಮರೆಯಲಾಗಿದೆ ಎಂದು ಹತ್ತಾರು ವಿಜ್ಞಾನಿಗಳು ಎತ್ತಿದ ಆಕ್ಷೇಪ ಅಷ್ಟು ದೂರ ಸಾಗಲಿಲ್ಲ. 2021ರಲ್ಲಿ ಹಿಮಾಚಲ ಪ್ರದೇಶದ ಕಾಂಗ್ರಾ ಸೀಮೆಯ ಅಧ್ಯಯನವೊಂದು, ದಶಕಗಳ ಕಾಲ ಸಸಿ ನೆಟ್ಟರೂ ಅಲ್ಲಿ ಕಾಡಿನ ಹೊದಿಕೆ ಹೇಳಿಕೊಳ್ಳುವಷ್ಟು ಹೆಚ್ಚಿಲ್ಲವೆಂದು ತೋರಿಸಿತು. ಮಳೆ ಚೆನ್ನಾಗಿ ಬೀಳುವ ಕಾಂಗ್ರಾದ ಪಾಡೇ ಹೀಗಾದರೆ ಯಾದಗಿರಿಯ ಕಲ್ಲುಗುಡ್ಡದ ಪಾಡೇನು?

ನೀರಿನ ಬದಿಯನ್ನೂ ನೋಡಬೇಕು. ಜಗತ್ತಿನ ಹಲವು ಜಲಾನಯನಗಳ ದಾಖಲೆಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹುಲ್ಲು ಅಥವಾ ಕುರುಚಲಿದ್ದ ನೆಲದಲ್ಲಿ ನೆಡುತೋಪು ಬೆಳೆಸಿದಾಗ ಹಳ್ಳಗಳ ಹರಿವು ಸರಾಸರಿ ಅರ್ಧದಷ್ಟು ಕುಗ್ಗಿತು. ನೂರರಲ್ಲಿ 13 ಹಳ್ಳಗಳು ಕನಿಷ್ಠ ಒಂದು ವರ್ಷ ಪೂರ್ತಿ ಬತ್ತಿದವು. ‘ಮರವಿದ್ದರೆ ಮಳೆ’ ಎಂಬ ಘೋಷಣೆಯನ್ನು ಗೋಡೆಯ ಮೇಲೆ ಬರೆಯುವುದು ಸುಲಭ. ಒಣನಾಡಿನಲ್ಲಿ ಒತ್ತೊತ್ತಾಗಿ ನೆಟ್ಟ ಮರ ಕುಡಿಯುವ ನೀರು ಯಾರ ಬಾವಿಯದು ಎಂದು ಕೇಳುವುದು ಕಷ್ಟ.

ಇಷ್ಟೆಲ್ಲ ತಿಳಿದಮೇಲೂ 2023ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹಸಿರು ಸಾಲಾಂಕದ ನಿಯಮಗಳನ್ನು ತಂದಿತು. 2024ರ ಫೆಬ್ರುವರಿಯ ವಿಧಾನದ ಪ್ರಕಾರ ಹೆಕ್ಟೇರಿಗೆ ಕನಿಷ್ಠ 1,100 ಮರ, ಮರಕ್ಕೊಂದು ಅಂಕ. ಕುರುಚಲು ಭೂಮಿಯೂ ನೆಡಲು ಅರ್ಹ. 2025ರ ಆಗಸ್ಟಿನಲ್ಲಿ ಇದನ್ನು ತಿದ್ದಿ, ಐದು ವರ್ಷ ಕಳೆದು ಶೇ. 40ರಷ್ಟು ಮರದ ಹೊದಿಕೆ ಬಂದಮೇಲೆ ಬದುಕಿರುವ ಮರಗಳಿಗೆ ಅಂಕ ಎಂದರು. ಬದುಕುಳಿದದ್ದನ್ನು ಎಣಿಸುವ ಮಾತು ಸ್ವಾಗತಾರ್ಹ. ಆದರೆ ಸ್ವಭಾವತಃ ತೆರೆದಿರುವ ಕುರುಚಲಿಗೆ ಶೇ. 40ರ ಛಾವಣಿ ಹೊದಿಸು ಎನ್ನುವುದು ಕುರಿಯ ಮೈಗೆ ಆನೆಯ ಅಳತೆಯ ಅಂಗಿ ಹೊಲಿದಂತೆ. ಈ ಅಂಕಗಳನ್ನು ಪರಿಹಾರಾತ್ಮಕ ಅರಣ್ಯೀಕರಣದ ಹೊಣೆ ತೀರಿಸಲು ಬಳಸಬಹುದೆಂಬುದು ಮಲೆನಾಡು ಗಮನಿಸಬೇಕಾದ ಅಂಶ. ಘಟ್ಟದ ನಿತ್ಯಹರಿದ್ವರ್ಣ ಕಾಡು ಹೆಕ್ಟೇರಿಗೆ ನೂರು ಟನ್ನಿಗೂ ಹೆಚ್ಚು ಇಂಗಾಲವನ್ನು ಮರಗಳಲ್ಲೇ ಹೊತ್ತಿರುತ್ತದೆ. ವರ್ಷಕ್ಕೆ ಒಂದು ಟನ್ನಿನ ಆಸುಪಾಸು ಇಂಗಾಲ ಕೂಡಿಸುವ ಗುಡ್ಡದ ಸಸಿಗಳು ಅದನ್ನು ತುಂಬಿಕೊಡಲು ಎಲ್ಲವೂ ಬದುಕಿ, ಯಾರೂ ಕಡಿಯದೆ, ಬೆಂಕಿ ಬೀಳದೆ ಒಂದು ಶತಮಾನ ನಿಲ್ಲಬೇಕು. ಮೊಮ್ಮಗನ ಕಾಲಕ್ಕೆ ತೀರುವ ಸಾಲಕ್ಕೆ ಇಂದೇ ‘ಸಂದಾಯವಾಯಿತು’ ಎಂದು ರಸೀದಿ ಬರೆದುಕೊಡುವ ಏರ್ಪಾಡು ಇದು. 2013ರಲ್ಲಿ ಮಹಾಲೆಕ್ಕಪರಿಶೋಧಕರು ದೇಶದಲ್ಲಿ ಬದಲಿಯಾಗಿ ಬರಬೇಕಿದ್ದ ಸುಮಾರು 1.03 ಲಕ್ಷ ಹೆಕ್ಟೇರ್ ಅರಣ್ಯೇತರ ಭೂಮಿಯಲ್ಲಿ ಶೇ. 27 ಮಾತ್ರ ಬಂದಿದೆಯೆಂದು ವರದಿ ಮಾಡಿದ್ದರು. ಸಸಿಯ ಮಾತಿರಲಿ, ನೆಲವೇ ಬಂದಿರಲಿಲ್ಲ.

ಹಾಗಾದರೆ ಮರ ಬೇಡವೇ?

ಬೇಕು. ಏಪ್ರಿಲ್ ತಿಂಗಳಿನಲ್ಲಿ ಯಾದಗಿರಿಯ ಬಸ್ ನಿಲ್ದಾಣದಲ್ಲಿ ನೆರಳಿಗಾಗಿ ನಿಂತವರಿಗೆ ಮರ ಬೇಡವೆನ್ನುವುದು ಕ್ರೌರ್ಯ. ಸೌದೆಗಾಗಿ ಹರದಾರಿ ನಡೆಯುವ ಹೆಂಗಸರಿಗೆ ಬೇಕು, ಮೇವಿಗೆ ಬೇಕು, ಮಣ್ಣು ಕೊಚ್ಚಿಹೋಗದಿರಲು ಬೇಕು. ಪ್ರಶ್ನೆ ಎಲ್ಲಿ, ಯಾವುದು, ಯಾರದು ಎಂಬುದು. ಹೊಲದ ಬದುವಿನ ಬೇವು, ಬನ್ನಿ, ಹುಣಸೆ, ಕರಿಜಾಲಿ ಆ ಸೀಮೆಯ ರೈತರು ತಲೆತಲಾಂತರದಿಂದ ಉಳಿಸಿಕೊಂಡು ಬಂದ ಮರಗಳು. ಅವಕ್ಕೆ ಕಾವಲುಗಾರನ ಸಂಬಳ ಬೇಕಿಲ್ಲ. ಒಡೆಯನ ಕಣ್ಣೇ ಕಾವಲು. 2011–12ರಲ್ಲಿ ರಾಜ್ಯ ಅರಣ್ಯ ಇಲಾಖೆಯೇ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಬದುಕುಳಿದ ಸಸಿಗೆ ಮಾತ್ರ ಮೂರು ವರ್ಷ ಹಣ ಕೊಡುವ ಕ್ರಮವನ್ನು ತಂದಿತು. ರೈತನ ಸಸಿಗೆ ಈ ಕಟ್ಟುನಿಟ್ಟು ಇರುವಾಗ ಇಲಾಖೆಯ ಮತ್ತು ಕಂಪನಿಗಳ ಸಸಿಗೆ ಗುಂಡಿಯ ಲೆಕ್ಕ ಏಕೆ ಸಾಕು?

ಇಂಗಾಲವೇ ಮುಖ್ಯವೆನ್ನುವವರು ಗುಡ್ಡದಿಂದ ಇಳಿದು ಕಾಲುವೆಯ ಕಡೆಗೂ ನೋಡಲಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಎರೆಭೂಮಿಗೆ ಬಂದದ್ದು ಮಿತನೀರಾವರಿಯ ಬೆಳೆಗಳಿಗಾಗಿ. ನಿಂತದ್ದು ಭತ್ತದ ಗದ್ದೆಯಲ್ಲಿ. ನೀರು ನಿಂತ ಗದ್ದೆ ಮೀಥೇನ್ ಉಗುಳುತ್ತದೆ. ಹೆಕ್ಟೇರಿಗೆ ದಿನಕ್ಕೆ ಒಂದು ಕಿಲೋ ಎಂದು ಹಿಡಿದರೆ (ಐಪಿಸಿಸಿ ಮಾರ್ಗದರ್ಶಿಯ ಅಂಕಿಗಳು ಇದರ ಆಸುಪಾಸಿನಲ್ಲೇ ಇವೆ) 120 ದಿನದ ಬೆಳೆಗೆ 120 ಕಿಲೋ. ಬಿಸಿಯೇರಿಸುವ ಬಲದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿನ ಸುಮಾರು 27 ಪಟ್ಟು; ಅಂದರೆ 3.2 ಟನ್ನಿಗೆ ಸಮ. ನೀರನ್ನು ಆಗಾಗ ಬಸಿದು ಮತ್ತೆ ಕಟ್ಟುವ ಪದ್ಧತಿಯಿಂದ ಇದರಲ್ಲಿ ಅರ್ಧದಷ್ಟು ತಗ್ಗಿಸಬಹುದು. ನೈಟ್ರಸ್ ಆಕ್ಸೈಡ್ ಸ್ವಲ್ಪ ಹೆಚ್ಚೀತು, ಅದನ್ನು ಕಳೆದರೂ ಲಾಭ ಉಳಿಯುತ್ತದೆ. ಹತ್ತರಲ್ಲಿ ನಾಲ್ಕೇ ಸಸಿ ಉಳಿದ ಗುಡ್ಡ ವರ್ಷವಿಡೀ ಗಳಿಸುವುದಕ್ಕೆ ಹತ್ತಿರದ ಲಾಭ ಒಂದು ಬೆಳೆಯಲ್ಲಿ, ಯಾರ ಗಾಯರಾಣಕ್ಕೂ ಬೇಲಿ ಹಾಕದೆ ಸಿಗುತ್ತದೆ. ಜೊತೆಗೆ ನೀರು ಉಳಿಯುತ್ತದೆ, ಸವಳು ಜವಳಿನ ಕಾಟ ತಗ್ಗುತ್ತದೆ. ಆದರೆ ಗದ್ದೆಯ ನೀರು ಬಸಿಯುವುದಕ್ಕೆ ಶಿಲಾಫಲಕವಿಲ್ಲ, ಸಚಿವರ ಕೈಗೆ ಕೊಡಲು ಸಸಿಯೂ ಇಲ್ಲ.

ಆದ್ದರಿಂದ ಕೇಳಬೇಕಾದದ್ದು ಇಷ್ಟು. ಸಸಿ ನೆಡುವ ಮುನ್ನ ಆ ನೆಲದ ಹುಲ್ಲು, ಮಣ್ಣು, ಮೇವು, ಬಳಕೆದಾರರ ವಿವರ ದಾಖಲಾಗಲಿ, ಗ್ರಾಮಸಭೆಯ ಮುಂದೆ ಓದಲ್ಪಡಲಿ, ಸಭೆ ಬೇಡವೆಂದರೆ ಗುದ್ದಲಿ ಬೀಳದಿರಲಿ. ಇಂಗಾಲದ ಅಂಕಿ ಐದನೆಯ ಮತ್ತು ಹತ್ತನೆಯ ವರ್ಷ ನಿಂತಿರುವ ಮರಗಳನ್ನು ಅಳೆದು ಬರಲಿ. ಮಣ್ಣಿನ ಲೆಕ್ಕದಲ್ಲಿ ಸುಣ್ಣದ ಪಾಲನ್ನು ಕಳೆದಿರಲಿ. ಅಂಕಿಯ ಜೊತೆಗೆ ತಪ್ಪಿನ ಅಂತರವನ್ನೂ ಬರೆಯಲಿ. ಸ್ವಭಾವತಃ ತೆರೆದ ಹುಲ್ಲುನೆಲವನ್ನು ಬದಲಿ ಅರಣ್ಯದ ಪಟ್ಟಿಯಿಂದ ತೆಗೆಯಲಿ. ಘಟ್ಟದ ಒಂದು ಮರವನ್ನೂ ಯಾದಗಿರಿಯ ಗುಂಡಿಯ ಹೆಸರಿನಲ್ಲಿ ಕಡಿಯದಿರಲಿ.

ಈ ಕೊನೆಯ ಬೇಡಿಕೆಯನ್ನು ಮಲೆನಾಡಿನವರೇ ಎತ್ತಬೇಕು. ಏಕೆಂದರೆ ಬೆಂಗಳೂರಿನಲ್ಲಿ ಕಡತ ಮಂಡನೆಯಾದಾಗ ಎರಡೂ ಸೀಮೆಗಳನ್ನು ಒಂದಕ್ಕೊಂದು ಎದುರಿಟ್ಟು ತೂಗಲಾಗುತ್ತದೆ. ತೂಗಿಸಿಕೊಳ್ಳುವವರಿಬ್ಬರೂ ಒಟ್ಟಿಗೆ ತಕ್ಕಡಿಯನ್ನೇ ಪ್ರಶ್ನಿಸಿದರೆ ಮಾತ್ರ ಬುದ್ಧನ ಬೆಟ್ಟದ ಹುಲ್ಲೂ ಶರಾವತಿಯ ಕಣಿವೆಯ ಕಾಡೂ ಉಳಿದಾವು.